ರೂಪಾಳ ಎಮ್ಮೆಗೆ ಗಾಳೇಶನ ಹುಲ್ಲು

ನಮ್ಮದು ಗಂಗಾವತಿ ಕಡೆಯ ಕಾಲುವೆ ದಂಡೆಯ ಊರು. ನೆಲ್ಲು ಕೊಯ್ದ ಮೇಲೆ ಒಂದಷ್ಟು ದಿನ ನಮ್ಮೂರಲ್ಲಿ ಹೊರಗೆ ಬಟ್ಟೆ ಒಣಹಾಕುವಂತಿಲ್ಲ. ಬೆಳಿಗ್ಗೆ ಹಾಕಿದ ಬಿಳಿ ಅಂಗಿ ಸಂಜೆಗೆ ಕರಿ ಚುಕ್ಕೆಯ ಅಂಗಿಯಾಗಿ ಒಳಗೆ ಬರುತ್ತದೆ. ಮುದುಕರು ಕೆಮ್ಮುತ್ತಾರೆ, ಮಕ್ಕಳು ಕಣ್ಣುಜ್ಜುತ್ತಾ ಶಾಲೆಗೆ ಹೋಗುತ್ತವೆ. ಆದರೂ ಈ ಹೊಗೆ ಯಾರದು ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ನಮ್ಮ ಮನೆ ಗಂಡಸರ ಹೆಸರನ್ನೇ ಹೇಳಬೇಕಾಗುತ್ತದೆ.

ಮೊದಲು ಕುಡುಗೋಲಿನಲ್ಲಿ ಕೊಯ್ಯುತ್ತಿದ್ದಾಗ ಹುಲ್ಲು ಮನೆಗೆ ಬರುತ್ತಿತ್ತು, ಹಿತ್ತಲಲ್ಲಿ ಬಣಿವೆ ಏಳುತ್ತಿತ್ತು. ಈಗ ಕಟಾವಿನ ಮಷಿನ್ ಬಂದಿದೆ. ಕಾಳು ತಾನಿಟ್ಟುಕೊಂಡು ಹುಲ್ಲನ್ನು ಹೊಲದಲ್ಲೇ ಉಗುಳಿ ಮುಂದಿನ ಹೊಲಕ್ಕೆ ಹೋಗುತ್ತದೆ. ಆಮೇಲೆ ನಮ್ಮ ರೈತರು ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆಯುತ್ತಾರೆ.

ನಮ್ಮೂರ ಗಾಳೇಶನೂ ಹಾಗೆಯೇ. ಒಳ್ಳೆಯ ಮನುಷ್ಯ, ದುಡಿಮೆಗಾರ. ಆದರೆ ಒಮ್ಮೆ ತಲೆಗೆ ಹೊಕ್ಕಿದ್ದನ್ನು ಹೊರಗೆ ತೆಗೆಯಬೇಕಾದರೆ ಊರೇ ಕೂಡಬೇಕು. ಈ ಸಲ ಅವನ ಹೊಲದ ಕಟಾವು ಮುಗಿದಾಗ ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಎರಡನೇ ಬೆಳೆಗೆ ನೀರು ಕೊಡುತ್ತಾರೆ ಅಂತ ಸುದ್ದಿಯಾಗಿತ್ತು. ಗಾಳೇಶ ಆಗಲೇ ಸಸಿಮಡಿ ಹಾಕಿದ್ದ. ಹೊಲದ ಹುಲ್ಲಿಗೆ ಬೆಂಕಿ ಹಚ್ಚುವುದೊಂದು ಬಾಕಿ.

ಅವತ್ತು ಬೆಳಿಗ್ಗೆ ಕುಷ್ಟಗಿ ಕಡೆಯ ಹಳ್ಳಿಯಿಂದ ತಂಗಿ ರೂಪಾ ಫೋನ್ ಮಾಡಿದಳು.

"ಅಣ್ಣಾ, ಚಂದ್ರಿನ್ನ ಮಾರತೀನಿ. ಬರೋ ಸಂತಿಗೆ ಹೊಡಕೊಂಡು ಹೋಗೂದು ಅಂತ ಮಾಡೀವಿ."

ಚಂದ್ರಿ ಅಂದರೆ ಎಮ್ಮೆ. ರೂಪಾ ಚೊಚ್ಚಲ ಬಾಣಂತನ ಮುಗಿಸಿ ಗಂಡನ ಮನೆಗೆ ಹೋಗುವಾಗ ಗಾಳೇಶನೇ ಎಳೆಗರುವಾಗಿದ್ದ ಅದನ್ನು ಗಾಡಿ ಹತ್ತಿಸಿ ಕಳಿಸಿದ್ದ. ಈಗ ಅದರ ಹಾಲಿನ ಮೇಲೆಯೇ ಆ ಮನೆ ನಡೆಯುತ್ತದೆ.

"ಯಾಕ? ಹಾಲು ಬಿಟ್ಟೈತೇನು?"

"ಹಾಲು ಕೊಡತೈತಿ. ಮೇವಿಲ್ಲ. ಈ ಸಲ ಮಳಿ ಬರಲಿಲ್ಲಲ್ಲಾ, ಜೋಳ ಮೊಣಕಾಲ ಮಟ್ಟಕ್ಕೂ ಬರಲಿಲ್ಲ. ಒಂದು ಹಿಡಿ ಕಣಕಿ ಇಲ್ಲ ಮನ್ಯಾಗ. ಅದು ನನ್ನ ಮಾರಿ ನೋಡತೈತಿ ಅಣ್ಣಾ, ನನಗ ಒಳಗ ಕೂತು ರೊಟ್ಟಿ ತಿನ್ನಾಕ ಆಗವಲ್ದು. ಹೊಸ ಹಗ್ಗ ತಂದಿಟ್ಟೀನಿ."

ಮಾರುವ ದನವನ್ನು ಮನೆಯ ಹಗ್ಗದಲ್ಲಿ ಕಟ್ಟಿ ಕೊಡುವುದಿಲ್ಲ ನಮ್ಮ ಕಡೆ. ಹಳೆ ಹಗ್ಗ ಗೂಟದಲ್ಲೇ ಉಳಿಯುತ್ತದೆ, ದನ ಹೊಸ ಹಗ್ಗದಲ್ಲಿ ಹೋಗುತ್ತದೆ. ಹೊಸ ಹಗ್ಗ ತಂದಿದ್ದಾಳೆ ಅಂದರೆ ಮನಸ್ಸು ಗಟ್ಟಿ ಮಾಡಿದ್ದಾಳೆ ಅಂತಲೇ ಅರ್ಥ.

"ತಡಿ ತಂಗಿ, ಮಾರಬ್ಯಾಡ. ಎಲ್ಲಿಂದರ ಹುಲ್ಲು ಹುಡುಕಿ ತರತೀನಿ," ಅಂದ ಗಾಳೇಶ.

ಅಂದವನೇ ಮೋಟರ್ ಸೈಕಲ್ ಹತ್ತಿದ. ಕನಕಗಿರಿ ತನಕ ಹೋದ. ದಾರಿಯಲ್ಲಿ ಬಣಿವೆ ಕಂಡ ಮನೆಗಳ ಮುಂದೆಲ್ಲ ನಿಂತು ಕೇಳಿದ. "ನಮ್ಮ ದನಕ್ಕ ಸಾಲವಲ್ದು, ನಿಮಗೇನು ಕೊಡೂದು?" ಅಂದರು ಒಬ್ಬರು. ಮತ್ತೊಬ್ಬರು ಕೇಳಿಸದವರಂತೆ ಒಳಗೆ ಹೋದರು. ಸಂಜೆಗೆ ಬರಿಗೈಯಲ್ಲಿ ತಿರುಗಿ ಬಂದ. ಸಿಟ್ಟು, ಸಂಕಟ ಎರಡೂ ಇದ್ದವು. ಮನೆಗೂ ಹೋಗಲಿಲ್ಲ, ಸೀದಾ ಹೊಲಕ್ಕೆ ಹೋದ. ಇವತ್ತಿನ ಕೆಲಸವಾದರೂ ಮುಗಿಯಲಿ ಅಂತ ಒಂದು ಹಿಡಿ ಹುಲ್ಲು ಸುತ್ತಿ, ಕಡ್ಡಿಪೆಟ್ಟಿಗೆ ತೆಗೆದ.

ನಗಬೇಡಿ. ನಾವೆಲ್ಲರೂ ಹೀಗೆಯೇ.

ಅಷ್ಟರಲ್ಲಿ ಬದುವಿನ ಮೇಲೆ ಇಬ್ಬರು ಬಂದರು. ಒಬ್ಬಳು ಗಾಳೇಶನ ತಾಯಿ ಮುದಕಮ್ಮ. ಇನ್ನೊಬ್ಬಳು ಪಕ್ಕದ ಹೊಲದ ಅಬೇದಾಬಿ. ಅಬೇದಾಬಿ ನಮ್ಮ ಸ್ವಸಹಾಯ ಸಂಘದವಳು, ಕೃಷಿ ಸಖಿಯೂ ಹೌದು. ಅಂದರೆ ತರಬೇತಿ ಪಡೆದು, ಕೃಷಿ ಇಲಾಖೆಯ ಮಾತನ್ನು ಮನೆಮನೆಗೆ ತಿಳಿಸುವ ಹೆಣ್ಣುಮಗಳು. ಇಬ್ಬರೂ ಸಂಘದ ಸಭೆ ಮುಗಿಸಿ ಮನೆ ಕಡೆ ಹೊರಟಿದ್ದರು.

"ಎಲ್ಲಿ ಹೋಗಿದ್ದಿ ತಮ್ಮಾ ಮುಂಜಾನಿಂದ? ಕಾಣಲೇ ಇಲ್ಲ," ಅಂದಳು ಅಬೇದಾಬಿ.

"ರೂಪಾನ ಎಮ್ಮಿಗೆ ಹುಲ್ಲು ಹುಡುಕಾಕ ಹೋಗಿದ್ದೆ ಅಬೇದಕ್ಕ, ಆಕಿ ಊರಾಗ ಮಳಿ ಇಲ್ಲ. ಕನಕಗಿರಿ ತನಕ ಹೋದೆ. ಎಲ್ಲೂ ಒಂದು ಎಳಿ ಹುಲ್ಲು ಸಿಗಲಿಲ್ಲ ನೋಡು."

ಅಬೇದಾಬಿ ಅವನ ಕೈ ನೋಡಿದಳು. ಕಾಲ ಕೆಳಗೆ ನೋಡಿದಳು. ಕಾಲ ಕೆಳಗಿನಿಂದ ಕಾಲುವೆ ತನಕ ಬಿದ್ದಿದ್ದ ಹುಲ್ಲನ್ನು ನೋಡಿದಳು. ಆಮೇಲೆ ಸೆರಗು ಬಾಯಿಗೆ ಹಚ್ಚಿ ನಕ್ಕಳು.

"ಅಲ್ಲೋ ಮಾರಾಯಾ, ಹುಲ್ಲಿನ ಮ್ಯಾಲೆ ನಿಂತು ಹುಲ್ಲಿಲ್ಲ ಅಂತೀಯಲ್ಲೋ!"

ಗಾಳೇಶನ ಮುಖ ಕೆಂಪಾಯಿತು. "ಇದು ಮಷಿನ್ ಹುಲ್ಲು ಯಕ್ಕಾ. ದನ ಮೂಸಂಗಿಲ್ಲ ಇದನ್ನ."

"ಯಾವ ದನದ ಮುಂದ ಹಾಕಿ ನೋಡಿದಿ?"

ಯಾರ ದನದ ಮುಂದೂ ಗಾಳೇಶ ಹಾಕಿ ನೋಡಿರಲಿಲ್ಲ. ಎಲ್ಲರೂ ಅನ್ನುತ್ತಾರೆ, ಅವನೂ ಅನ್ನುತ್ತಿದ್ದ, ಅಷ್ಟೇ.

"ತುಳದು, ತೊಯ್ದು, ಬೂಸು ಹಿಡದ ಹುಲ್ಲು ತಿನ್ನಂಗಿಲ್ಲ, ಖರೆ," ಅಂದಳು ಅಬೇದಾಬಿ. "ಹಸನಾಗಿ ಒಣಗಿರಬೇಕು, ಲಗೂನ ಎತ್ತಬೇಕು. ಮೊದಲ ಒಂದೆರಡು ದಿನ ಉಪ್ಪು ಬೆಲ್ಲದ ನೀರು ಚಿಮುಕಿಸಿ ಹಾಕಿದ್ರ ತಿಂತಾವ. ಬರೇ ಇದನ್ನ ಹಾಕಿ ಕೂಡಬ್ಯಾಡ್ರಿ, ಸಿಕ್ಕಷ್ಟು ಹಸಿ ಮೇವು, ಹಿಂಡಿ ಕೂಡಿಸಿ ಹಾಕ್ರಿ. ನಮ್ಮ ಮನಿ ಎಮ್ಮಿ ಹ್ವಾದ ವರ್ಷದಿಂದ ಇದನ್ನ ತಿಂದು ಹಾಲು ಕೊಡಾಕತ್ತೈತಿ."

"ಆತು, ತಿಂತಾವ ಅನ್ನು. ಇಷ್ಟು ಹುಲ್ಲು ಬಳದು ಕಟ್ಟಾಕ ಆಳು ಎಲ್ಲೈತಿ? ನೀರು ಬರೂ ಹೊತ್ತಾತು."

"ಆಳು ಯಾಕ ಬೇಕು? ಹುಲ್ಲು ಸುತ್ತಿ ಪೆಂಡಿ ಕಟ್ಟೂ ಮಷಿನ್ ಐತಿ. ಇಂಥಾ ಮಷಿನ್ ಬಾಡಗಿಗೆ ಸಿಗಲಿ ಅಂತನ ಸರ್ಕಾರ ಹೋಬಳಿಗೊಂದು ಕೃಷಿ ಯಂತ್ರಧಾರೆ ಕೇಂದ್ರ ಮಾಡೈತಿ. ಹೊರಗಿನಕ್ಕಿಂತ ಬಾಡಗಿ ಕಡಿಮಿ."

ಗಾಳೇಶ ಸೋಲುವವನಲ್ಲ. "ಹುಲ್ಲು ಹ್ವಾದ್ರೂ ನೆಲದಾಗ ಬುಡದ ಕೂಳಿ ಉಳೀತಲ್ಲಾ? ಒಂದು ವರ್ಷ ಸುಡಲಾರದ ಟ್ರ್ಯಾಕ್ಟರ್ ಹೊಡದು ನಾಟಿ ಮಾಡಿದ್ದೆ. ಸಸಿ ಎಲ್ಲಾ ಹಳದಿ ಆಗಿ ಕೂತ್ವು. ನೀನ ನೋಡೀದಿ."

"ನೋಡೀನಿ. ನೀ ಇವತ್ತು ಹೊಡದು ನಾಳಿ ನಾಟಿ ಮಾಡಿದಿ. ಒಳಗ ಹಸಿ ಹುಲ್ಲು ಕೊಳಿಯಾಕತ್ತಿತ್ತು. ಸಸಿಗೆ ಸಿಗಬೇಕಾದ ಸಾರ ಎಲ್ಲಾ ಆ ಕೊಳಿಯೂ ಹುಲ್ಲಿಗೇ ಹೋತು. ಈಗ ಹುಲ್ಲು ಎತ್ತಿಬಿಡು. ಬರೇ ಕೂಳಿ ಉಳೀತೈತಿ. ಅದನ್ನ ರೋಟಾವೇಟರ್ ಹೊಡದು ಮಣ್ಣಾಗ ಕೂಡಿಸಿ ನೀರು ನಿಲ್ಲಿಸು. ಸಸಿಮಡಿ ಬೆಳಿಯೂ ತನಕ ಹ್ಯಾಂಗೂ ಕಾಯತಿಯಲ್ಲಾ? ಅಷ್ಟರಾಗ ಕೊಳತು ಗೊಬ್ಬರ ಆಗತೈತಿ. ಸುಟ್ರ ಆ ಗೊಬ್ಬರ ಹೊಗಿ ಆಗಿ ಹೋಗತೈತಿ, ನೀ ಮತ್ತ ಅಂಗಡಿಯಿಂದ ಚೀಲ ತರತಿ."

"ಮತ್ತ ಹುಳ? ಸುಟ್ರ ಹುಳ ಸಾಯ್ತಾವಲ್ಲ?"

"ಸಾಯ್ತಾವ. ಎರಿಹುಳನೂ ಸಾಯ್ತಾವ. ಹೊಲಕ್ಕ ದುಡಿಯೂ ಆಳನ್ನ ನೀನ ಸುಟ್ಟಂಗಾತು. ಹೊಗಿ ಮ್ಯಾಲೆ ಹೋಗಿ ಸುಮ್ಮನ ಕೂಡತೈತಿ ಅಂತ ತಿಳದೀಯೇನು? ಬಿಸಲು ಜಾಸ್ತಿ ಮಾಡತೈತಿ, ಮಳಿ ದಿಕ್ಕು ತಪ್ಪಸತೈತಿ. ಬರೇ ನಿನ್ನ ಹೊಲದ ಹೊಗಿ ಅಲ್ಲ, ಊರೂರಿನ ಹೊಗಿ, ಗಾಡಿ ಹೊಗಿ, ಫ್ಯಾಕ್ಟರಿ ಹೊಗಿ ಎಲ್ಲಾ ಕೂಡಿ. ನಮ್ಮ ಪಾಲಿಂದು ನಾವು ನಿಲ್ಲಿಸಬೇಕು. ಸುಡಬ್ಯಾಡ್ರಿ ಅಂತ ಸರ್ಕಾರ ನಿಯಮ ಮಾಡೈತಿ, ದಂಡ ಹಾಕಾಕೂ ಬರತೈತಿ. ದಂಡದ ಮಾತು ಬಿಡು. ರೂಪಾನ ಊರಾಗ ಮಳಿ ಯಾಕ ತಪ್ಪಾಕತ್ತೈತಿ ಅಂತ ನೀನ ವಿಚಾರ ಮಾಡು."

ಈಗ ಮುದಕಮ್ಮ ಬಾಯಿ ತೆಗೆದಳು.

"ಎಳ್ಳಮಾಸಿಗೆ ಚರಗ ಚೆಲ್ಲಾಕ ಬುಟ್ಟಿ ತುಂಬ ರೊಟ್ಟಿ, ಕಡಬು, ಪಲ್ಲೆ ಮಾಡಿ ತರತೀನಿ. ಉಣ್ಣವ್ವಾ ಅಂತ ಭೂಮಿತಾಯಿಗೆ ಇಡತೀನಿ. ಹೋದ ವರ್ಷ ಬಂದಾಗ ಬೂದಿ ಇನ್ನಾ ಬೆಚ್ಚಗಿತ್ತು. ಕಾಲು ಇಡಾಕ ಆಗಲಿಲ್ಲ. ಸುಟ್ಟ ಬಾಯಾಗ ತುತ್ತು ಹ್ಯಾಂಗ ಇಡಲಿ ಮಗನ? ಈ ಸಲ ಬೆಂಕಿ ಹಚ್ಚಿದಿ ಅಂದ್ರ ನಾ ಬುಟ್ಟಿ ಹೊರಂಗಿಲ್ಲ."

ಗಾಳೇಶ ತಾಯಿಯ ಮುಖ ನೋಡಿದ. ಕೈಯಲ್ಲಿದ್ದ ಹುಲ್ಲಿನ ಸುತ್ತು ಬಿಚ್ಚಿ ಕೆಳಗೆ ಬಿಟ್ಟ. ಕಡ್ಡಿಪೆಟ್ಟಿಗೆಯನ್ನು ತಾಯಿಯ ಕೈಗೆ ಕೊಟ್ಟು, "ಒಲಿ ಹಚ್ಚಾಕ ಇಟಗೋ ಯವ್ವಾ," ಅಂದ.

ಅಬೇದಾಬಿ ಅಲ್ಲಿಂದಲೇ ಯಂತ್ರಧಾರೆ ಕೇಂದ್ರಕ್ಕೆ ಫೋನ್ ಹಚ್ಚಿದಳು. ಮಷಿನ್ ಇತ್ತು. ಆದರೆ ಒಂದೇ ಹೊಲಕ್ಕಾಗಿ ಅಷ್ಟು ದೂರ ಬರುವುದು ಆಗುವುದಿಲ್ಲ, ಅಕ್ಕಪಕ್ಕದ ಹೊಲದವರು ಕೂಡಿದರೆ ನಾಳೆಯೇ ಬರುತ್ತೇವೆ ಅಂದರು. ಅಬೇದಾಬಿಯ ಹೊಲವಂತೂ ಇತ್ತು. ಕಾಲುವೆ ಕಡೆಯ ಹೊಲ ಮಾತ್ರ ವಿರುಪಣ್ಣನದು. ವಿರುಪಣ್ಣ ವಯಸ್ಸಾದ ರೈತ, ಗಾಳೇಶನಿಗೆ ಕಾಕಾನ ಸಮಾನ.

"ಅವಂಗ ನೀನ ಹೇಳಬೇಕು ತಮ್ಮಾ," ಅಂದಳು ಅಬೇದಾಬಿ. "ನಾ ಹೇಳಿ ಸಾಕಾಗೇನಿ."

ವಿರುಪಣ್ಣ ಕಟ್ಟೆಯ ಮೇಲೆ ಎಲೆಯಡಿಕೆ ಹಾಕುತ್ತಾ ಕೂತಿದ್ದ. ಗಾಳೇಶ ಮಾತು ಮುಗಿಸುವ ಮುಂಚೆಯೇ ಕೈ ಅಡ್ಡ ಹಿಡಿದ.

"ಹೋಗಲೇ. ಮಷಿನ್ ಹುಲ್ಲು ದನ ಮೂಸಂಗಿಲ್ಲ."

"ಯಾವ ದನದ ಮುಂದ ಹಾಕಿ ನೋಡಿದಿ ಕಾಕಾ?" ಅಂದ ಗಾಳೇಶ. ಆ ಪ್ರಶ್ನೆ ತನ್ನದೇ ಅನ್ನುವ ಹಾಗೆ ಕೇಳಿದ!

ವಿರುಪಣ್ಣ ಬಾಯಿ ತುಂಬ ಎಲೆ ಇಟ್ಟುಕೊಂಡು ಯೋಚಿಸಿದ. ಕೊನೆಗೆ, "ನಿನ್ನ ತಂಗಿ ಎಮ್ಮಿ ತಿಂದ್ರ ನಾ ಇನ್ನ ಮುಂದ ಬೆಂಕಿ ಹಚ್ಚಂಗಿಲ್ಲ. ತಿನ್ನಲಿಲ್ಲಂದ್ರ ನನ್ನ ಮುಂದ ಈ ಮಾತು ಆಡಬ್ಯಾಡ," ಅಂದ. ಮಷಿನ್‌ಗೆ ಮಾತ್ರ ಹೂಂ ಅಂದ. ನಮಗೆ ಅಷ್ಟೇ ಬೇಕಿತ್ತು.

ಮರುದಿನ ಮಷಿನ್ ಬಂತು. ಹೊಲದ ಈ ತುದಿಯಿಂದ ಆ ತುದಿಗೆ ಹುಲ್ಲು ನುಂಗುತ್ತಾ ಹೋಯಿತು, ಹಿಂದೆ ಬಿಗಿಯಾದ ಪೆಂಡಿ ಉರುಳಿಸಿತು. ಮಧ್ಯಾಹ್ನದ ಊಟದ ಹೊತ್ತಿಗೆ ಮೂರೂ ಹೊಲ ಖಾಲಿ. ನಾವು ಹೆಣ್ಣುಮಕ್ಕಳು ಬದುವಿನ ಮೇಲೆ ನಿಂತು ನೋಡಿದೆವು. ಅವತ್ತು ಆ ಕಡೆ ಬಟ್ಟೆ ಒಣಹಾಕಿದವರಿಗೆ ಬಟ್ಟೆ ಹಾಕಿದ ಬಣ್ಣದಲ್ಲೇ ಸಿಕ್ಕಿತು.

ಗಾಳೇಶ ಟ್ರ್ಯಾಕ್ಟರ್ ತುಂಬ ಪೆಂಡಿ ಹೇರಿ ತಾಯಿಯನ್ನೂ ಕೂಡಿಸಿಕೊಂಡು ಕುಷ್ಟಗಿ ದಾರಿ ಹಿಡಿದ. ವಿರುಪಣ್ಣನೂ ಹತ್ತಿದ. ಕಣ್ಣಾರೆ ನೋಡದೆ ನಂಬುವ ಪೈಕಿ ಅಲ್ಲ ಅವನು.

ರೂಪಾಳ ಮನೆಯ ಮುಂದೆ ಚಂದ್ರಿ ನಿಂತಿತ್ತು. ಪಕ್ಕೆಲುಬು ಕಾಣುತ್ತಿದ್ದವು. ಪಕ್ಕದ ಗೋಡೆಯ ಮೊಳೆಗೆ ಹೊಸ ಹಗ್ಗ ಸುರುಳಿ ಸುತ್ತಿ ತೂಗುಹಾಕಿತ್ತು. ಗಾಳೇಶ ಆ ಕಡೆ ನೋಡಲಿಲ್ಲ. ಒಂದು ಪೆಂಡಿ ಇಳಿಸಿ, ಬಿಚ್ಚಿ, ಒಂದು ತೆಕ್ಕೆ ಹುಲ್ಲನ್ನು ಎಮ್ಮೆಯ ಮುಂದೆ ಹಾಕಿದ.

ಚಂದ್ರಿ ಮೂಸಿತು. ಮುಖ ಆ ಕಡೆ ತಿರುಗಿಸಿತು.

"ಹೇಳಿದ್ನೋ ಇಲ್ಲೋ?" ಅಂದ ವಿರುಪಣ್ಣ.

ರೂಪಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ದೂರ ಬಂದು ತಂಗಿಯ ಮುಂದೆ ಹೀಗಾಯಿತಲ್ಲ ಅಂತ ಗಾಳೇಶನಿಗೆ ಅನ್ನಿಸಿತು.

"ಏ, ಗಂಡಸರು ಸ್ವಲ್ಪ ಸುಮ್ಮನಿರ್ರಿ," ಅಂದಳು ಮುದಕಮ್ಮ. "ಅಬೇದವ್ವ ಹೇಳಿದ್ದು ಮರತ್ರೇನು? ರೂಪಾ, ಉಪ್ಪು ತಾ, ಬೆಲ್ಲ ತಾ."

ನೀರಲ್ಲಿ ಉಪ್ಪು ಬೆಲ್ಲ ಕದಡಿ ಮುದಕಮ್ಮ ಹುಲ್ಲಿನ ಮೇಲೆ ಚಿಮುಕಿಸಿದಳು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವಾಗ ಕೈ ಬೀಸುವ ಹಾಗೆಯೇ ಬೀಸಿದಳು. "ಉಣ್ಣವ್ವಾ," ಅಂದಳು.

ಚಂದ್ರಿ ಕಿವಿ ಅಲ್ಲಾಡಿಸಿತು. ಒಮ್ಮೆ ನೆಕ್ಕಿತು. ಆಮೇಲೆ ಒಂದು ಬಾಯಿ ಹುಲ್ಲು ಎಳೆದುಕೊಂಡಿತು. ಮತ್ತೊಂದು ಬಾಯಿ ಎಳೆದುಕೊಂಡಿತು. ಅಂಗಳದಲ್ಲಿ ಎಮ್ಮೆ ಹುಲ್ಲು ಅಗಿಯುವ ಸಪ್ಪಳ ಒಂದೇ ಕೇಳುತ್ತಿತ್ತು. ನಾನು ಅಲ್ಲಿ ಇರಲಿಲ್ಲ. ಆದರೆ ಮುದಕಮ್ಮ ಇದನ್ನು ಹೇಳುವಾಗೆಲ್ಲ ನನಗೂ ಆ ಸಪ್ಪಳ ಕೇಳುತ್ತದೆ, ಹೊಟ್ಟೆ ತಣ್ಣಗಾಗುತ್ತದೆ.

ರೂಪಾ ಎದ್ದು ಮೊಳೆಯಿಂದ ಹೊಸ ಹಗ್ಗ ತೆಗೆದಳು. ಒಂದು ಗಳಿಗೆ ಕೈಯಲ್ಲಿ ಹಿಡಿದು ನಿಂತಳು. ಆಮೇಲೆ ಎಲ್ಲರೂ ಕೂಡಿ ಇಳಿಸಿ ಮಾಳಿಗೆಯ ಮೇಲೆ ಒಟ್ಟಿದ ಪೆಂಡಿಗಳು ಗಾಳಿಗೆ ಬೀಳದ ಹಾಗೆ ಅದೇ ಹಗ್ಗದಿಂದ ಬಿಗಿದು ಕಟ್ಟಿದಳು.

"ಬರೂ ಸುಗ್ಗಿಗೆ ನನ್ನ ಹೊಲದ ಹುಲ್ಲೂ ಇಲ್ಲಿಗೇ ಬರತೈತಿ, ಆತಿಲ್ಲೋ?" ಅಂದ ವಿರುಪಣ್ಣ, ಯಾರ ಮುಖವನ್ನೂ ನೋಡದೆ.

ಎಳ್ಳಮಾವಾಸ್ಯೆಗೆ ಮುದಕಮ್ಮ ಬುಟ್ಟಿ ಹೊತ್ತು ಹೊಲಕ್ಕೆ ಬಂದಳು. ಹೊಲದಲ್ಲಿ ಬೂದಿ ಇರಲಿಲ್ಲ. ಬರಿಗಾಲಲ್ಲಿ ನಡೆದು ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿದಳು. ಅಬೇದಾಬಿಗೂ ನಮಗೂ ಬದುವಿನ ಮೇಲೆ ಕೂಡಿಸಿ ಉಣ್ಣಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಮಾತಿಗೆ ಬರೋಣ. ನಿಮ್ಮ ಹೊಲದ ಕಟಾವು ಮುಗಿದಿದೆಯೇ? ಹುಲ್ಲು ಒಣಗಿದ ಕೂಡಲೇ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಇಲ್ಲವೇ ನಿಮ್ಮೂರ ಕೃಷಿ ಸಖಿಯನ್ನು ಕೇಳಿ. ಮಷಿನ್ ಯಾವಾಗ ಸಿಗುತ್ತದೆ, ಬಾಡಿಗೆ ಎಷ್ಟು, ಸರ್ಕಾರದ ಸಹಾಯ ಏನಿದೆ ಅಂತ ಅವರು ಹೇಳುತ್ತಾರೆ. ಪಕ್ಕದ ಹೊಲದವರನ್ನೂ ಕೂಡಿಸಿಕೊಳ್ಳಿ. ಕೂಳೆಯನ್ನು ಮಣ್ಣಿಗೆ ಸೇರಿಸಿ, ಕೊಳೆಯಲು ಬಿಡಿ, ಆಮೇಲೆ ನಾಟಿ ಮಾಡಿ.

ಮಳೆಯನ್ನೇ ನಂಬಿದ ಯಲಬುರ್ಗಾದಲ್ಲೋ ಕುಷ್ಟಗಿಯಲ್ಲೋ ನಿಮ್ಮ ಮನೆಯ ಹೆಣ್ಣುಮಗಳೊಬ್ಬಳು ಇದ್ದೇ ಇರುತ್ತಾಳೆ. ಕಡ್ಡಿ ಗೀರುವ ಮುಂಚೆ ಅವಳಿಗೊಂದು ಫೋನ್ ಮಾಡಿ. "ತಂಗಿ, ದನಕ್ಕ ಮೇವು ಐತೇನು?" ಅಂತ ಕೇಳಿ. ಹೊಸ ಹಗ್ಗ ತರುವ ಮುಂಚೆಯೇ ಕೇಳಿ.