ಹೊಟ್ಟೆಕಿಚ್ಚಿನಿಂದ ಮೈ ಬೆಚ್ಚಗಾಗದು

ಜುಲೈ ಅಂದರೆ ನ್ಯೂಜಿಲೆಂಡಿನ ನಮ್ಮ ಕಡೆ ಕೊರೆಯುವ ಚಳಿ. ಬೆಟ್ಟಗಳೆಲ್ಲ ಬೆಳ್ಳಗಾಗಿರುತ್ತವೆ. ಆಗ ನಾವು ಚಾರಣ ಸಂಘದವರು ವಾರದ ಕೊನೆಗೆ ಚಾರಣಿಗರು ತಂಗಲೆಂದು ಮೇಲೆ ಕಟ್ಟಿರುವ ಬೆಟ್ಟದ ಮನೆಗೆ ಹೋಗಿ, ಒಂದು ರಾತ್ರಿ ಅಲ್ಲೇ ಇದ್ದು ಬರುತ್ತೇವೆ. ಎಷ್ಟೋ ವರ್ಷಗಳಿಂದ ಈ ಚಾರಣದ ಮುಂದಾಳು ಮರ್ವಿನ್. ಈ ಸಲ ಸಂಘ ಆ ಕೆಲಸವನ್ನು ಅವನ ಹೆಂಡತಿ ಹುಯಾಗೆ ಕೊಟ್ಟಿತು. ಚಳಿಗಾಲದ ಬೆಟ್ಟದಲ್ಲಿ ಸುರಕ್ಷಿತವಾಗಿ ನಡೆಯುವ ತರಬೇತಿ ಮುಗಿಸಿ ಬಂದವಳು ಅವಳು.

ಅಂದಿನಿಂದ ಮರ್ವಿನ್‌ಗೆ ಊಟ ಸೇರಲಿಲ್ಲ. ಮನೆಯ ಫೋನು ಬಡಿದುಕೊಂಡರೆ, "ಹುಯಾ ಇದ್ದಾಳಾ?" ಅನ್ನುವವರೇ ಎಲ್ಲ. ಅವನು ಫೋನನ್ನು ಅವಳತ್ತ ಚಾಚುತ್ತಿದ್ದ.

ಹೊರಡುವ ದಿನ ಅವಳು ಚೀಲಕ್ಕೆ ಡೇರೆ ತುಂಬುವುದನ್ನು ಕಂಡು ಅವನು ನಕ್ಕ.

"ಸೂರು ಇರೋ ಕಡೆ ಹೋಗ್ತಿದೀವಿ ಕಣೇ. ಡೇರೆ ಯಾಕೆ? ತರಬೇತೀಲಿ ಹೇಳಿಕೊಟ್ರಾ?"

"ಹೊರೋಳು ನಾನು ತಾನೆ? ನಿಂಗೇನು ಭಾರ?"

ನಾವು ಆರು ಜನ ಹೊರಟೆವು. ದಾರಿಗೆ ಅಡ್ಡವಾಗಿ ಹೊಳೆ. ನೀರು ಮಂಡಿಯಷ್ಟೇ ಇತ್ತು, ಆದರೆ ಸೆಳವು ಜೋರಾಗಿತ್ತು. ಹುಯಾ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿದಳು.

"ಒಬ್ಬರ ತೋಳಿಗೆ ಒಬ್ಬರು ತೋಳು ಕೊಟ್ಕೊಂಡು, ಸಾಲಾಗಿ ದಾಟೋಣ. ಮರ್ವಿನ್, ನೀನೂ ಬಾ."

"ಈ ಹೊಳೆಗೆ ನಾನೇನು ಹೊಸಬನಾ? ನೀವು ಕೈ ಹಿಡ್ಕೊಂಡು ಆಟ ಆಡಿ."

ಅವನು ಸ್ವಲ್ಪ ಮೇಲೆ, ಒಬ್ಬನೇ ಇಳಿದ. ನಮ್ಮ ಗಮನವೆಲ್ಲ ನಮ್ಮ ಹೆಜ್ಜೆಯ ಮೇಲಿತ್ತು. ಪಾಚಿಗಲ್ಲಿನ ಮೇಲೆ ಅವನ ಕಾಲು ಜಾರಿತು. ನೀರಿಗೆ ಬಿದ್ದು, ಎದೆಯವರೆಗೆ ನೆನೆದು, ಹೇಗೋ ಎದ್ದು ದಡ ಸೇರಿದ. ಒಳಗಿನ ಒದ್ದೆ ಕಾಣದಂತೆ ಮೇಲಂಗಿಯ ಜಿಪ್ ಕತ್ತಿನವರೆಗೆ ಎಳೆದುಕೊಂಡ.

"ಬಿದ್ಯಾ?" ಎಂದು ಹುಯಾ ಕೂಗಿ ಕೇಳಿದಳು.

"ಶೂ ಒದ್ದೆ ಆಯ್ತು, ಅಷ್ಟೇ."

ಅವನ ಚೀಲದಲ್ಲಿ ಒಣಬಟ್ಟೆ ಇತ್ತು. ಆದರೆ ಬಟ್ಟೆ ಬದಲಿಸಬೇಕಾದರೆ ಎಲ್ಲರ ಎದುರು ನಿಲ್ಲಬೇಕು, ಬಿದ್ದೆ ಎಂದು ಒಪ್ಪಬೇಕು. ಅದೂ ಅವಳ ಮುಂದೆ! ಅವನು ಬೇಕೆಂದೇ ಎಲ್ಲರಿಗಿಂತ ಹಿಂದೆ ಉಳಿದ. ಮುಂದೆ ಹುಯಾ ನಿಂತರೆ ನಾವು ನಿಲ್ಲುತ್ತಿದ್ದೆವು, ಅವಳು ನಡೆದರೆ ನಡೆಯುತ್ತಿದ್ದೆವು. ಅದನ್ನು ನೋಡನೋಡುತ್ತ ಅವನ ಎದೆ ಉರಿಯುತ್ತಿತ್ತು. ಮೈ ಮಾತ್ರ ತಣ್ಣಗಾಗುತ್ತ ಹೋಯಿತು. ಇದನ್ನೆಲ್ಲ ಅವನೇ ಆಮೇಲೆ ನನಗೆ ಹೇಳಿದ.

ಕಾಡು ಮುಗಿಯುವ ಕಡೆ ಗಾಳಿ ಎದ್ದಿತು. ಹಿಮ ಬೆರೆತ ಮಳೆ ಮುಖಕ್ಕೆ ಹೊಡೆಯಿತು. ದಾರಿ ಎರಡಾಗಿ ಒಡೆದಿತ್ತು.

"ಯಾವ ಕಡೆ ಹೋಗೋಣ, ಮರ್ವಿನ್? ನಿಂಗೆ ಗೊತ್ತಲ್ಲ," ಎಂದಳು ಹುಯಾ.

"ನೀನು... ಹೇಳ್ದಂಗೆ."

ನಾವು ನಕ್ಕುಬಿಟ್ಟೆವು. ಹುಯಾ ನಗಲಿಲ್ಲ.

"ಮದುವೆ ಆದಾಗಿಂದ ಈ ಮಾತು ಇವನ ಬಾಯಲ್ಲಿ ಬಂದಿಲ್ಲ," ಎಂದವಳೇ ಅವನ ಬಳಿ ಓಡಿದಳು. "ನಿನ್ನ ಮೇಲಂಗಿ ಜಿಪ್ ಎಳಿ, ನೋಡೋಣ."

ಅವನ ಬೆರಳುಗಳು ತಡಕಾಡಿದವು. ಜಿಪ್ ಸಿಗಲಿಲ್ಲ. ಅವಳು ಒಳಗೆ ಕೈ ಹಾಕಿ ನೋಡಿದಳು. ಅಂಗಿ ತೊಪ್ಪೆಯಾಗಿತ್ತು.

"ನಂಗೇನೂ... ಆಗಿಲ್ಲ. ಬಿಡು," ಎಂದ. ನಾಲಿಗೆ ತೊದಲುತ್ತಿತ್ತು. "ಇಲ್ಲಿಂದ ಮುಂದೆ ಬೇಡ," ಎಂದಳು ಹುಯಾ.

ನಮ್ಮ ಜೊತೆಗಿದ್ದ ಬ್ರೈಯನಿ ಗೊಣಗಿದಳು. "ಬೆಟ್ಟದ ಮನೆ ಇನ್ನೇನು ಬಂತಲ್ಲ ಹುಯಾ. ಅಲ್ಲಿ ಒಲೆ ಇದೆ. ಬೇಗ ಬೇಗ ನಡೆಸ್ಕೊಂಡು ಹೋಗೋಣ. ಇಷ್ಟು ದೂರ ಬಂದು ವಾಪಸ್ಸಾ?"

"ಮುಂದೆ ಎಲ್ಲಾ ಬಯಲು, ಗಾಳಿ. ಒದ್ದೆ ಬಟ್ಟೇಲಿ ಅಲ್ಲಿ ನಡೆಸಿದ್ರೆ ದಾರೀಲೇ ಕುಸಿದು ಬೀಳ್ತಾನೆ. ಚಳಿ ಒಳಗೆ ಹೊಕ್ಕಿರೋನಿಗೆ ತನಗೆ ಏನಾಗ್ತಿದೆ ಅಂತ್ಲೇ ತಿಳಿಯಲ್ಲ ಬ್ರೈಯನಿ. ನಾವೇ ನೋಡ್ಬೇಕು. ಮರಗಳ ಮರೆಗೆ ಹೋಗೋಣ, ನಡೀರಿ."

ಬೀಚ್ ಎಂಬ ಕಾಡುಮರಗಳ ನಡುವೆ ಡೇರೆ ಹಾಕಿದೆವು. ಒದ್ದೆ ಬಟ್ಟೆ ತೆಗೆಸಿ, ಒಣಬಟ್ಟೆ ಮತ್ತು ಉಣ್ಣೆ ಟೋಪಿ ಹಾಕಿ, ಕೆಳಗೆ ದಪ್ಪ ಹಾಸು ಕೊಟ್ಟು ನಿದ್ದೆಚೀಲದಲ್ಲಿ ಮಲಗಿಸಿದೆವು. ಬ್ರೈಯನಿ ಅವನ ಕೈಕಾಲು ಉಜ್ಜಲು ಹೋದಳು.

"ಉಜ್ಜಬೇಡ," ಎಂದಳು ಹುಯಾ. "ಬ್ರಾಂದಿನೂ ಬೇಡ. ಮೈಲೋ ಚಾಕೊಲೇಟ್ ಪುಡಿ ಹಾಕಿ ಸಿಹಿಯಾಗಿ, ಬಿಸಿಯಾಗಿ ಕುಡಿಯೋಕೆ ಮಾಡು. ಅವನಿಗೆ ನುಂಗೋಕೆ ಬರುತ್ತೆ ಅಂತ ನೋಡ್ಕೊಂಡೇ ಕುಡಿಸೋಣ."

ಅವಳೂ ಒಳಗೆ ಸೇರಿ ಅವನನ್ನು ಅಪ್ಪಿ ಮಲಗಿದಳು. ಅಲ್ಲಿಯವರೆಗೆ ನಡುಗದೆ ಮಂಕಾಗಿದ್ದ ಅವನು ಬಹಳ ಹೊತ್ತಿನ ಮೇಲೆ ಗಡಗಡ ನಡುಗತೊಡಗಿದ. ಹುಯಾ ಅಳುತ್ತಲೇ ನಕ್ಕಳು. "ನಡುಗ್ತಿದಾನೆ! ಮೈ ಮತ್ತೆ ಕೆಲಸ ಶುರು ಮಾಡ್ತು!"

ಸ್ವಲ್ಪ ಚೇತರಿಸಿಕೊಂಡು ಅವನು ಆಡಿದ ಮೊದಲ ಮಾತು, "ಡೇರೆ ಹಗ್ಗ ಸಡಿಲ ಕಟ್ಟಿದೀರಿ."

"ಬಂದ ನಮ್ಮ ಮರ್ವಿನ್," ಎಂದಳು ಬ್ರೈಯನಿ.

ಆ ಸಲ ನಾವು ಬೆಟ್ಟದ ಮನೆ ನೋಡಲೇ ಇಲ್ಲ. ಮರುದಿನ ಬಿಸಿಲೇರಿದ ಮೇಲೆ ಇಳಿದೆವು. ಮುಂದಿನ ಸಭೆಯಲ್ಲಿ ಮರ್ವಿನ್ ತಾನಾಗಿ ಎದ್ದು ನಿಂತ.

"ಹುಯಾ ಮುಂದೆ ನಡೆದ್ರೆ ನಂಗೆ ಈಗಲೂ ಹೊಟ್ಟೆ ಉರಿಯುತ್ತೆ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಒದ್ದೆ ಆದ್ರೆ ಒದ್ದೆ ಆದೆ ಅಂತ ಹೇಳ್ತೀನಿ. ನೀವೂ ಹೇಳಿ."

ಚಳಿಯಲ್ಲಿ ಬೆಟ್ಟ ಹತ್ತುವ ಗೆಳೆಯರೇ, ಬಟ್ಟೆ ಒದ್ದೆಯಾದರೆ ನಾಚಿಕೆ ಬಿಟ್ಟು ಹೇಳಿ, ಕೂಡಲೇ ಬದಲಿಸಿ. ಜೊತೆಯವರು ಎಡವಿದರೆ, ತೊದಲಿದರೆ, ಬೆರಳು ಆಡದಿದ್ದರೆ, ಇದ್ದಕ್ಕಿದ್ದಂತೆ ಮಂಕಾದರೆ, "ನಂಗೇನೂ ಆಗಿಲ್ಲ" ಎಂಬ ಮಾತನ್ನು ನಂಬಬೇಡಿ. ಅಲ್ಲೇ ನಿಲ್ಲಿಸಿ, ಗಾಳಿಯ ಮರೆಗೆ ಕರೆದೊಯ್ದು ಬೆಚ್ಚಗಿಡಿ, ಸಹಾಯಕ್ಕೆ ಹೇಳಿಕಳಿಸಿ. ಬೆಟ್ಟದ ಮನೆ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ನಿಮ್ಮ ಜೊತೆಯವರೂ ಇರಲಿ.