ಹರಿಯದೆ ಉಳಿದ ಚೀಟಿ

ಆಫೀಸಿನಲ್ಲಿ ಅವನನ್ನು ಪಂಡಿತ ಎಂದು ಕರೆಯುತ್ತಿದ್ದರು. ಅದು ಹೊಗಳಿಕೆಯೆಂದೇ ಅವನು ತಿಳಿದಿದ್ದ. ಇರಲಿ, ಮನುಷ್ಯನಿಗೆ ಅಷ್ಟು ಸುಖವಾದರೂ ಬೇಡವೇ. ಯಾರ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಏನು ಕೆಟ್ಟರೂ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋಗಿ ಅವರ ಬೆನ್ನ ಹಿಂದೆ ನಿಲ್ಲುತ್ತಿದ್ದ. ತಪ್ಪು ಎಲ್ಲಿದೆಯೆಂದು ಹೇಳುವ ಮೊದಲು ಅವರು ಎಂಥವರೆಂದು ಹೇಳುತ್ತಿದ್ದ. "ನಿಮಗೆ ಗಮನ ಇಲ್ಲ, ಅಷ್ಟೇ ರೋಗ" ಎನ್ನುವುದು ಅವನ ಕಾಯಂ ತೀರ್ಪು. ತಪ್ಪನ್ನು ಹುಡುಕಿಕೊಡುತ್ತಿದ್ದದ್ದು ನಿಜವಾದ್ದರಿಂದ ಎಲ್ಲರೂ ಬೈಗುಳವನ್ನೂ ಸಂಬಳದ ಭಾಗವೆಂದು ಸಹಿಸಿಕೊಂಡಿದ್ದರು.

ಮನೆಯಲ್ಲಿ ಅವನಿಗೆ ಇದ್ದವರು ಅಣ್ಣ ಮತ್ತು ಅತ್ತಿಗೆ. ಮದುವೆ ಆಗಿತ್ತು, ಎರಡೇ ವರ್ಷಕ್ಕೆ ಮುರಿದಿತ್ತು. ಅಲ್ಲಿಂದೀಚೆಗೆ ಮೇಲಿನ ಕೋಣೆ ಅವನದು, ಊಟ ಕೆಳಗೆ. ಅತ್ತಿಗೆ ಆ ಮನೆಗೆ ಬಂದಾಗ ಅವನು ಹತ್ತು ವರ್ಷದ, ತಾಯಿಯಿಲ್ಲದ ಹುಡುಗ. ಅವನ ಮಗ್ಗಿ ಒಪ್ಪಿಸಿಕೊಂಡವರು ಅವರು, ತಲೆಯ ಹೇನು ತೆಗೆದವರು ಅವರು. ದೊಡ್ಡ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಅವರು ಸಿಸ್ಟರ್, ಇಪ್ಪತ್ತಾರು ವರ್ಷದಿಂದ. ಕೊಯ್ದ ಹೊಟ್ಟೆಯನ್ನು ಹೊಲಿಯುವ ಮೊದಲು ಒಳಗೆ ಹೋದ ಗಾಜ್ ಬಟ್ಟೆಯ ತುಂಡುಗಳೆಲ್ಲ ಹೊರಗೆ ಬಂದಿವೆಯೇ ಎಂದು ಎಣಿಸಿ ಹೇಳುವುದು ಅವರ ಕೆಲಸ. ಅವರು "ಸರಿ ಇದೆ" ಎಂದರೆ ಡಾಕ್ಟರು ಸೂಜಿ ಎತ್ತಿಕೊಳ್ಳುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಆ ಮಾತು ತಪ್ಪಾಗಿರಲಿಲ್ಲ.

ಆರು ವಾರದ ಹಿಂದೆ ಅತ್ತಿಗೆಯ ಎದೆಯಲ್ಲೊಂದು ಗಂಟು ಕಾಣಿಸಿತ್ತು. ಗಂಡನಿಗೂ ಹೇಳದೆ ಪರೀಕ್ಷೆ ಮಾಡಿಸಿಕೊಂಡಿದ್ದರು. ಆ ಲ್ಯಾಬಿನ ವರದಿಗಳು ಬರುತ್ತಿದ್ದದ್ದು ವೆಬ್‌ಸೈಟಿನಲ್ಲಿ, ವೆಬ್‌ಸೈಟು ಬರೆದವನು ನಮ್ಮ ಪಂಡಿತ. ಊಟದ ಬಿಡುವಿನಲ್ಲಿ ಸಿಸ್ಟರುಗಳ ಕೋಣೆಯ ಕಂಪ್ಯೂಟರಿನಲ್ಲಿ ಅವರು ವರದಿ ತೆಗೆದು ನೋಡಿದರು. ಹೆದರುವಂಥದ್ದು ಏನೂ ಇರಲಿಲ್ಲ. ಕಣ್ಣೊರೆಸಿಕೊಂಡು ಥಿಯೇಟರಿಗೆ ಹೋದರು. ಅರ್ಧ ಗಂಟೆಯಾದ ಮೇಲೆ ಇನ್ನೊಬ್ಬ ಸಿಸ್ಟರ್ ತನ್ನ ರಕ್ತಪರೀಕ್ಷೆ ನೋಡಲು ಅದೇ ಕಂಪ್ಯೂಟರಿನಲ್ಲಿ ವೆಬ್‌ಸೈಟಿನ ವಿಳಾಸದ ಮೂರಕ್ಷರ ಒತ್ತಿದಳು. ಉಳಿದದ್ದನ್ನು ಕಂಪ್ಯೂಟರು ತಾನೇ ತುಂಬಿಕೊಂಡು ನೆಟ್ಟಗೆ ವರದಿಯ ಪುಟಕ್ಕೆ ಹೋಯಿತು. ಅಲ್ಲಿ ಅತ್ತಿಗೆಯ ಹೆಸರಿತ್ತು, ವಯಸ್ಸಿತ್ತು, ಎದೆಯ ಚಿತ್ರವಿತ್ತು. ಸಂಜೆಯೊಳಗೆ ಇಡೀ ಮಹಡಿಗೆ ಸುದ್ದಿ. ಅಣ್ಣನಿಗೆ ಸಮಾಧಾನ ಹೇಳಲು ಯಾರೋ ಫೋನು ಮಾಡಿದಾಗಲೇ ಅವನಿಗೆ ವಿಷಯ ಗೊತ್ತಾದದ್ದು.

ಸಿಸ್ಟರುಗಳ ಮೇಲಧಿಕಾರಿ ಮೇಟ್ರನ್ ಎಲ್ಲರನ್ನೂ ಸೇರಿಸಿ, ಕಂಪ್ಯೂಟರು ಮುಟ್ಟಿದವರು ಲಾಗ್ ಔಟ್ ಮಾಡುವುದನ್ನು ಕಲಿಯಿರಿ ಎಂದು ಬೈದರು. ಅತ್ತಿಗೆ ಮೈದುನನಿಗೆ ಫೋನು ಹಚ್ಚಿದರು.

"ನಾನು ಲಾಗ್ ಔಟ್ ಒತ್ತಿದ್ದೆ ಕಣೋ. 'ನೀವು ಸುರಕ್ಷಿತವಾಗಿ ಹೊರಬಂದಿದ್ದೀರಿ' ಅಂತ ಬಂತು. ಓದಿದ್ದು ಚೆನ್ನಾಗಿ ನೆನಪಿದೆ."

ಪಂಡಿತ ಅಲ್ಲೇ ಕೂತು ವೆಬ್‌ಸೈಟಿನ ಒಳಗೆ ಹೋದ, ಲಾಗ್ ಔಟ್ ಒತ್ತಿದ. ಮೊದಲ ಪುಟ ಬಂದು ಮತ್ತೆ ಪಾಸ್‌ವರ್ಡ್ ಕೇಳಿತು. ಅವನಿಗೆ ಅಷ್ಟು ಸಾಕಾಯಿತು.

"ಈಗ್ಲೇ ಒತ್ತಿ ನೋಡ್ದೆ ಅತ್ತಿಗೆ, ಸರಿಯಾಗೇ ಇದೆ. ನೀವು ಒತ್ತಿಲ್ಲ. ಒತ್ಬೇಕು ಅಂದ್ಕೊಂಡಿರ್ತೀರಿ, ಮರೆತಿರ್ತೀರಿ. ಮಷೀನು ಯಾಕೆ ಸುಳ್ಳು ಹೇಳುತ್ತೆ?"

"ಹಾಗಾದ್ರೆ ನಾನೇ ಮರೆತಿರ್ಬೇಕು. ನಿನ್ನ ಕೆಲಸ ಕೆಡಿಸ್ದೆ, ಇಡ್ತೀನಿ" ಎಂದರು.

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಪಂಡಿತ ಅದನ್ನು ಕತೆ ಮಾಡಿ ಹೇಳಿದ. "ಅತ್ತಿಗೆ ಬಾಗಿಲು ತೆಗೆದಿಟ್ಟು ಹೋಗ್ತಾರೆ, ಆಮೇಲೆ ಬೀಗ ಮಾಡಿದವನಿಗೆ ಬೈತಾರೆ!" ಅಣ್ಣ ನಕ್ಕ. ಅತ್ತಿಗೆಯೂ ನಕ್ಕರು, ಉಳಿದವರಿಗಿಂತ ತುಸು ತಡವಾಗಿ. ಅವರ ತಾಯಿ ಐವತ್ತೆಂಟಕ್ಕೆ ಮರೆವಿನ ಕಾಯಿಲೆ ಹಿಡಿದು, ಕೊನೆಗೆ ಮಗಳನ್ನೇ "ನೀವು ಯಾರ ಮನೆಯವರು?" ಎಂದು ಕೇಳುತ್ತ ಸತ್ತವರು. ಅತ್ತಿಗೆಗೆ ಈಗ ಐವತ್ತಾರು. ಇದೆಲ್ಲ ಪಂಡಿತನಿಗೆ ಗೊತ್ತಿತ್ತು. ಎಲುಬಿಲ್ಲದ ನಾಲಿಗೆಗೆ ಮಾತ್ರ ಗೊತ್ತಿರಲಿಲ್ಲ.

ಆಮೇಲಿನ ದಿನಗಳಲ್ಲಿ ಅತ್ತಿಗೆ ಗ್ಯಾಸ್ ಆರಿಸಿ ಎರಡು ಹೆಜ್ಜೆ ಹೋದವರು ಮತ್ತೆ ಬಂದು ಮುಟ್ಟಿ ನೋಡುತ್ತಿದ್ದರು. ಬೀದಿಯ ತಿರುವಿನ ತನಕ ನಡೆದು, ಬೀಗ ಎಳೆದು ನೋಡಲು ವಾಪಸು ಬರುತ್ತಿದ್ದರು.

ಮುಂದಿನ ತಿಂಗಳ ಒಂಬತ್ತನೇ ತಾರೀಕು, ಬುಧವಾರ, ಇನ್ನೊಂದು ಲ್ಯಾಬಿನವರು ಅಂಥದ್ದೇ ವೆಬ್‌ಸೈಟು ಬೇಕೆಂದದ್ದರಿಂದ ಪಂಡಿತ ತನ್ನ ಹಳೆಯ ಪ್ರೋಗ್ರಾಮನ್ನು ತೆರೆದ. ನಕಲು ಮಾಡುವ ಮುಂಚೆ ಒಂದು ಸಲ ಓದೋಣವೆಂದುಕೊಂಡ.

ವೆಬ್‌ಸೈಟು ನಡೆಸುವ ಸರ್ವರಿಗೆ ಮುಖಪರಿಚಯ ಎಂಬುದಿಲ್ಲ. ಒಂದು ಪುಟ ಕೇಳಿ ಇನ್ನೊಂದು ಪುಟ ಕೇಳುವಷ್ಟರಲ್ಲಿ ಕೇಳಿದವರು ಯಾರೆಂದು ಅದಕ್ಕೆ ನೆನಪಿರುವುದಿಲ್ಲ. ಅದಕ್ಕೇ ಪಾಸ್‌ವರ್ಡ್ ಸರಿಯಿದ್ದವರ ಬ್ರೌಸರಿಗೆ ಅದು ಒಂದು ಚೀಟಿ ಕೊಡುತ್ತದೆ. ಕುಕೀ ಎಂದು ಅದರ ಹೆಸರು. ಬ್ರೌಸರು ಪ್ರತಿ ಸಲವೂ ಆ ಚೀಟಿ ತೋರಿಸಿ ಒಳಗೆ ಹೋಗುತ್ತದೆ. ಚೀಟಿ ಯಾವ ಪುಟಗಳಿಗೆ ಸಲ್ಲುತ್ತದೆ ಎಂಬುದನ್ನೂ ಅದರ ಮೇಲೆ ಬರೆದಿರಬೇಕು. ಲಾಗ್ ಔಟ್ ಎಂದರೆ ಚೀಟಿ ಹರಿದುಹಾಕು ಎಂದು ಬ್ರೌಸರಿಗೆ ಹೇಳುವುದು. ಹಾಗೆ ಹೇಳುವಾಗ, ಕೊಡುವಾಗ ಬರೆದದ್ದನ್ನೇ ಅಕ್ಷರ ತಪ್ಪದೆ ಹೇಳಬೇಕು. ಇಲ್ಲವಾದರೆ ಬ್ರೌಸರು ಅಂಥ ಚೀಟಿ ತನ್ನಲ್ಲಿಲ್ಲವೆಂದು ತಿಳಿದು ಸುಮ್ಮನಿದ್ದುಬಿಡುತ್ತದೆ. ತಕರಾರಿಲ್ಲ, ದೂರಿಲ್ಲ.

ಮೊದಲು ಪಂಡಿತನ ಚೀಟಿ ಇಡೀ ವೆಬ್‌ಸೈಟಿಗೆ ಸಲ್ಲುತ್ತಿತ್ತು. ಎಂಟು ತಿಂಗಳ ಹಿಂದೆ, ಒಂದು ಮೀಟಿಂಗಿನಲ್ಲಿ ಭದ್ರತೆಯ ಬಗ್ಗೆ ಎಲ್ಲರಿಗೂ ಪಾಠ ಹೇಳಿದ ಉತ್ಸಾಹದಲ್ಲಿ, ಚೀಟಿ ವರದಿಯ ಪುಟಗಳಿಗೆ ಮಾತ್ರ ಸಲ್ಲಲಿ ಎಂದು ತಿದ್ದಿದ್ದ. ಚೀಟಿ ಹರಿಯುವ ಜಾಗದಲ್ಲಿ ತಿದ್ದಿರಲಿಲ್ಲ. ಅಲ್ಲಿ ಇನ್ನೂ ಇಡೀ ವೆಬ್‌ಸೈಟಿನ ಚೀಟಿ ಹರಿ ಎಂದೇ ಇತ್ತು. ಚೀಟಿ ಪಡೆದವರು ಯಾರೆಂದು ಸರ್ವರು ಬರೆದಿಟ್ಟುಕೊಂಡ ಪಟ್ಟಿಯಿಂದಾದರೂ ಹೆಸರು ಹೊಡೆದುಹಾಕುವುದು ಬೇಡವೇ? ಅದನ್ನೂ ಮಾಡಿರಲಿಲ್ಲ. ಲಾಗ್ ಔಟ್ ಒತ್ತಿದರೆ ಮೊದಲ ಪುಟ ಬರುತ್ತಿತ್ತು. ಆ ಪುಟಕ್ಕೆ ಚೀಟಿ ಸಲ್ಲದ್ದರಿಂದ ಅದು ಪಾಸ್‌ವರ್ಡ್ ಕೇಳುತ್ತಿತ್ತು, ನೋಡಿದವರಿಗೆ ಎಲ್ಲ ಸರಿಯಿದ್ದಂತೆ ಕಾಣುತ್ತಿತ್ತು. ವರದಿಯ ಪುಟಕ್ಕೆ ನೇರವಾಗಿ ಹೋದರೆ ಮಾತ್ರ ಹಳೆಯ ಚೀಟಿ ಇದ್ದ ಹಾಗೇ ಇತ್ತು.

ಪಂಡಿತ ಲಾಗ್ ಔಟ್ ಒತ್ತಿ, ವರದಿಯ ಪುಟದ ವಿಳಾಸ ಹೊಡೆದ. ವರದಿ ಬಂತು. ಇನ್ನೊಮ್ಮೆ ಒತ್ತಿದ, ಇನ್ನೊಮ್ಮೆ ಬಂತು. ಅತ್ತಿಗೆ ಒತ್ತಿದ್ದರು. ಓದಿದ್ದೂ ನಿಜ, ನೆನಪಿದ್ದದ್ದೂ ನಿಜ. ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿತು ಎನ್ನುತ್ತಾರೆ. ಇಲ್ಲಿ ಕೋತಿಗೆ ತಾನು ತಿಂದದ್ದೂ ತಿಳಿದಿರಲಿಲ್ಲ, ಮೇಕೆಗೆ ಬುದ್ಧಿವಾದ ಬೇರೆ ಹೇಳಿತ್ತು.

ತಿದ್ದಲು ಹತ್ತು ನಿಮಿಷ ಹಿಡಿಯಿತು. ಏನು ಬದಲಾಯಿಸಿದೆ ಎಂದು ಬರೆಯುವ ಜಾಗದಲ್ಲಿ 'ಸಣ್ಣ ಸುಧಾರಣೆ' ಎಂದು ಬರೆದ. ಪಕ್ಕದ ಕುರ್ಚಿಯವನು ಸುಮ್ಮನೆ "ಏನ್ ಪಂಡಿತ್ರೇ?" ಎಂದದ್ದಕ್ಕೆ "ಏನಿಲ್ಲ, ಏನಿಲ್ಲ" ಎಂದು ಎರಡು ಸಲ ಹೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

ಅವತ್ತೇ ಸಂಜೆ ಹೇಳಿಬಿಡುವುದೆಂದು ನಿರ್ಧರಿಸಿ ಮನೆಗೆ ಹೋದ. ಊಟಕ್ಕೆ ಕೂತಾಗ ಅವನಿಗಿಂತ ಮೊದಲು ಅತ್ತಿಗೆಯೇ ಮಾತೆತ್ತಿದರು.

"ನಾನು ಥಿಯೇಟರ್ ಬಿಡೋಣ ಅಂತಿದ್ದೀನಿ" ಎಂದರು ಅಣ್ಣನಿಗೆ. "ನಿನ್ನೆ ಎಣಿಸಿ 'ಸರಿ ಇದೆ' ಅಂದೆ. ಅಂದ ಮೇಲೆ ಅನುಮಾನ ಬಂತು. ಇನ್ನೊಂದ್ಸಲ ಎಣಿಸಿದೆ, ಮೂರನೇ ಸಲಾನೂ ಎಣಿಸಿದೆ. ಡಾಕ್ಟ್ರು ಸೂಜಿ ಹಿಡ್ಕೊಂಡು ನಿಂತಿದ್ರು. ಸರಿಯಾಗೇ ಇತ್ತು. ಆದ್ರೆ ಒಂದು ಬಟನ್ ಒತ್ತಿದ್ದೇ ನೆನಪಿರದವಳು ನಾನು. ನನ್ನ ಮಾತು ನಂಬಿ ಒಂದು ಹೊಟ್ಟೆ ಹೊಲೀತಾರೆ ಅಂದ್ರೆ ಭಯ ಆಗುತ್ತೆ. ನನ್ನನ್ನ ಬಟ್ಟೆ ಸ್ಟೋರಿನ ಕೆಲ್ಸಕ್ಕೆ ಹಾಕಿ ಅಂತ ಮೇಟ್ರನ್‌ನ ಕೇಳ್ದೆ. ತಿಂಗಳ ಕೊನೆಯೊಳಗೆ ಯೋಚ್ನೆ ಮಾಡಿ ಬರ್ಕೊಡಿ ಅಂದ್ರು."

ಪಂಡಿತನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಈಗ ಹೇಳಬೇಕಾದದ್ದು ಒಂದು ತಪ್ಪಿನ ವಿಷಯವಾಗಿ ಉಳಿದಿರಲಿಲ್ಲ, ಒಬ್ಬರ ಇಪ್ಪತ್ತಾರು ವರ್ಷದ ವಿಷಯವಾಗಿತ್ತು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ತಿಂಗಳ ಕೊನೆಗೆ ಇನ್ನೂ ಮೂರು ವಾರವಿದೆಯಲ್ಲ ಎಂದುಕೊಂಡ. ಇಷ್ಟು ದೊಡ್ಡ ವಿಷಯಕ್ಕೆ ಸರಿಯಾದ ಸಮಯ ನೋಡಬೇಕು ಎಂದುಕೊಂಡ. ಮರುದಿನ ಅಣ್ಣ ಎದುರಿಗಿದ್ದ, ಆಗಲಿಲ್ಲ. ಅದರ ಮರುದಿನ ಅತ್ತಿಗೆಗೆ ತಲೆನೋವು. ಶನಿವಾರ ಅವರು ಖುಷಿಯಾಗಿದ್ದರು, ಯಾಕೆ ಕೆಡಿಸಬೇಕು? ನಾಚಿಕೆಗೆ ನೆಪ ಹುಡುಕುವುದರಲ್ಲಿ ಪಂಡಿತನಷ್ಟು ಗಮನ ಇರುವ ಮನುಷ್ಯ ಇನ್ನೊಬ್ಬ ಸಿಗಲಿಕ್ಕಿಲ್ಲ.

ಇಪ್ಪತ್ತನೇ ತಾರೀಕು ಭಾನುವಾರ ಬೆಳಿಗ್ಗೆ ಅಣ್ಣ ಮೇಲಿನ ಕೋಣೆಗೆ ಬಂದು ಬಾಗಿಲು ಮುಂದಕ್ಕೆ ಹಾಕಿದ.

"ನಿನ್ನ ಅತ್ತಿಗೇನ ಮರೆವಿನ ಡಾಕ್ಟ್ರಿಗೆ ತೋರಿಸ್ಬೇಕು. ಅವರಮ್ಮಂದು ನೋಡಿದೀವಲ್ಲ. ಈಗೆಲ್ಲ ಕಂಪ್ಯೂಟರಲ್ಲೇ ಹೊತ್ತು ಗೊತ್ತುಮಾಡ್ಬೇಕಂತೆ, ನೀನೇ ಮಾಡ್ಬಿಡಪ್ಪ" ಎಂದ. ಹೋಗುವಾಗ ತಮ್ಮನ ಭುಜ ತಟ್ಟಿದ. "ನೀನಿರೋದ್ರಿಂದ ಇಂಥದ್ದೆಲ್ಲ ಸಲೀಸು."

ಪಂಡಿತ ಡಾಕ್ಟರ ಪುಟ ತೆರೆದ. ರೋಗಿಯ ಹೆಸರು ತುಂಬಿದ, ವಯಸ್ಸು ತುಂಬಿದ. ಕೆಳಗೆ 'ತೊಂದರೆ ಏನು?' ಎಂದಿತ್ತು. 'ಮರೆವು' ಎಂದು ಬರೆದ. ಮುಂದೆ ಒತ್ತಲು ಬೆರಳು ಬರಲಿಲ್ಲ. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಎದ್ದು ಕೆಳಗೆ ಹೋದ.

ಅತ್ತಿಗೆ ಹಿತ್ತಲ ನಲ್ಲಿಯ ಹತ್ತಿರ ಕೂತು ಥಿಯೇಟರಿನ ಬಿಳಿ ಚಪ್ಪಲಿಗಳನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದರು. ಅವನು ನಿಂತುಕೊಂಡೇ, ಮಗ್ಗಿ ಒಪ್ಪಿಸುವವನಂತೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಚೀಟಿ ಹೇಗೆ ಕೊಟ್ಟೆ, ಹೇಗೆ ಹರಿಯಲಿಲ್ಲ, ಅವರು ಒತ್ತಿದ್ದರೂ ಯಾಕೆ ಒತ್ತದ ಹಾಗಾಯಿತು. "ನೀವು ಮರೆತಿರ್ಲಿಲ್ಲ ಅತ್ತಿಗೆ. ಮರೆತಿದ್ದು ನಾನು."

ಬ್ರಷ್ಷು ನಿಂತಿತು. "ಒತ್ತಿದ್ದೆ ಅಲ್ವಾ?"

"ಒತ್ತಿದ್ರಿ."

"ಬೇರೆಯವರದ್ದೂ ಹೀಗೆ ಆಗಿರುತ್ತಾ?"

"ಎಂಟು ತಿಂಗಳು ಹಾಗೇ ಇತ್ತು. ಎಷ್ಟು ಜನ ಅಂತ ಗೊತ್ತಿಲ್ಲ."

"ಲ್ಯಾಬಿನವರಿಗೆ ಹೇಳಿದ್ಯಾ?"

"ಇಲ್ಲ."

ಅವರು ನಲ್ಲಿ ನಿಲ್ಲಿಸಿದರು. ಮುಖದಲ್ಲಿ ಏನೋ ಸಡಿಲವಾಯಿತು. ಅವನಿಗೂ ಒಂದು ಗಳಿಗೆ ಹಗುರವಾಯಿತು, ಕ್ಷಮಿಸಿಬಿಟ್ಟರು ಎಂದುಕೊಂಡ. ಆಗ ಅವರು ಕೇಳಿದರು. "ನಿನಗೆ ಯಾವಾಗ ಗೊತ್ತಾಯ್ತು?"

ಇವತ್ತು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಒಂಬತ್ತನೇ ತಾರೀಕು" ಎಂದ. "ನೀವು ಥಿಯೇಟರ್ ಬಿಡ್ತೀನಿ ಅಂದ ದಿನ ಮಧ್ಯಾಹ್ನ."

ಅತ್ತಿಗೆ ಚಪ್ಪಲಿಯ ಜೋಡಿಯನ್ನು ನೀರು ಇಳಿಯಲೆಂದು ಗೋಡೆಗೆ ಒರಗಿಸಿದರು. "ಶುಕ್ರವಾರ ಬರ್ಕೊಟ್ಟೆ. ಮೇಟ್ರನ್ ಸಹಿನೂ ಆಯ್ತು. ಇವನ್ನ ತೊಳೆದು ನಾಳೆ ವಾಪಸ್ ಕೊಡ್ಬೇಕು."

"ನಾನು ಬಂದು ಮೇಟ್ರನ್ ಹತ್ರ ಮಾತಾಡ್ತೀನಿ ಅತ್ತಿಗೆ. ಎಲ್ಲಾ ವಿವರಿಸಿ ಹೇಳ್ತೀನಿ."

"ನೀನು ಬರೋದು ಬೇಡ. ನೀನು ಮಾತಾಡಿದ್ದು ಸಾಕು. ಒಂದು ಕಾಗದ ಬರ್ಕೊಡು, ನಾನೇ ಕೊಡ್ತೀನಿ. ಲ್ಯಾಬಿನವರಿಗೂ ಅದೇ ಕಾಗದ ಕೊಡು."

ಅಡುಗೆಮನೆಯ ಮೇಜಿನ ಮುಂದೆ ಕೂತು ಪಂಡಿತ ಬರೆದ. ಮೊದಲ ಸಲ 'ತಾಂತ್ರಿಕ ಕಾರಣಗಳಿಂದ' ಎಂದು ಶುರುಮಾಡಿದ. ಅತ್ತಿಗೆ ಮೇಲಿಂದ ನೋಡಿದರು, ಅವನೇ ಹೊಡೆದುಹಾಕಿದ. ನಾಲ್ಕನೇ ಹಾಳೆಯಲ್ಲಿ ಸರಿಬಂತು. 'ಅತ್ತಿಗೆ ಲಾಗ್ ಔಟ್ ಮಾಡಿದ್ದರು. ವೆಬ್‌ಸೈಟಿನಲ್ಲಿ ನಾನು ಮಾಡಿದ ತಪ್ಪಿನಿಂದ ಅದು ಆಗಲಿಲ್ಲ. ಅವರು ಮರೆತರು ಎಂದು ನಾನು ಹೇಳಿದ್ದು ಸುಳ್ಳು.' ಕೆಳಗೆ ಸಹಿ ಹಾಕಿ ಅವರ ಮುಂದಿಟ್ಟ.

ಅತ್ತಿಗೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಎರಡು ಸಲ ಓದಿದರು.

"ತಾರೀಕಿಲ್ಲ."

ಅವನು ಮೂಲೆಯಲ್ಲಿ ಇಪ್ಪತ್ತು ಎಂದು ಬರೆದ.

"ಅದು ಬರೆದ ತಾರೀಕು. ಗೊತ್ತಾದ ತಾರೀಕೂ ಹಾಕು. 'ಒಂಬತ್ತನೇ ತಾರೀಕು ನನಗೆ ಗೊತ್ತಾಯಿತು' ಅಂತ ಮೊದಲನೇ ಸಾಲಲ್ಲೇ ಬರಿ."

"ಅದು ಮೇಟ್ರನ್‌ಗೆ ಯಾಕೆ ಅತ್ತಿಗೆ? ನಿಮ್ಮ ತಪ್ಪಿಲ್ಲ ಅಂತ ಇದೆಯಲ್ಲ. ಅವರಿಗೆ ಅಷ್ಟು ಸಾಕಲ್ವಾ?"

"ಅವರಿಗೆ ಸಾಕು" ಎಂದರು ಅತ್ತಿಗೆ. ಅವರ ದನಿ ಏರಲಿಲ್ಲ. "ಹನ್ನೊಂದು ದಿನ ನನ್ನ ಬುದ್ಧಿ ಹೋಗ್ತಾ ಇದೆ ಅಂತ ನಾನು ನಂಬ್ಕೊಂಡು ಓಡಾಡ್ದೆ. ಇಲ್ಲ ಅಂತ ನಿನಗೆ ಗೊತ್ತಿತ್ತು. ದಿನಾ ನನ್ನ ಎದುರಿಗೆ ಕೂತು ಉಂಡೆ. ಅದು ಎಲ್ಲಾದ್ರೂ ಒಂದು ಕಡೆ ಬರೆದಿರ್ಲಿ."

ಪಂಡಿತ ಹೊಸ ಹಾಳೆ ತೆಗೆದುಕೊಂಡ. ಅತ್ತಿಗೆ ಅವನ ಬೆನ್ನ ಹಿಂದೆ ನಿಂತರು, ಅವನು ಮೊದಲಿನಿಂದ ಬರೆಯತೊಡಗಿದ.