ಮೊಟ್ಟೆ ಹೊತ್ತ ಏಡಿ

ನಡುರಾತ್ರಿ ಅಡುಗೆಮನೆಯಿಂದ ಕರಕರ ಸದ್ದು ಬಂತು. ಇರುವೆ ನಡೆದರೂ ಎಚ್ಚರವಾಗುವ ಸೊಸೆ ಎದ್ದು ದೀಪ ಹಾಕಿದಳು. ಒದ್ದೆ ಗೋಣಿ ಹೊದಿಸಿದ್ದ ಟಬ್ಬಿನಲ್ಲಿ ದೊಡ್ಡ ಏಡಿಯೊಂದು ಪ್ಲಾಸ್ಟಿಕ್ಕನ್ನು ಕೆರೆಯುತ್ತಿತ್ತು. ಕತ್ತರಿಯಂಥ ಮುಂಗಾಲುಗಳನ್ನು ದಾರದಿಂದ ಬಿಗಿದಿದ್ದರೂ ಉಳಿದ ಕಾಲುಗಳು ಸುಮ್ಮನಿರಲಿಲ್ಲ.

ಆ ದಿನ ಗಂಡ ಸಮುದ್ರದಿಂದ ತಂದದ್ದರಲ್ಲಿ ದೊಡ್ಡದೆಂದರೆ ಅದೊಂದೇ. ಉಳಿದವೆಲ್ಲ ಅಂಗೈಯಲ್ಲಿ ಮುಚ್ಚಿಹೋಗುವಂಥವು. "ಇನ್ನೊಂದು ವರ್ಷ ಹೀಗೇ ಆದ್ರೆ ದೋಣಿ ಮಾರಿಬಿಡೋದೇ" ಎಂದು ಊಟಕ್ಕೆ ಕೂತಾಗ ಅವನು ಹೇಳಿದ್ದ. ಅವಳು ಊಟ ಅರ್ಧಕ್ಕೇ ಬಿಟ್ಟು ಎದ್ದಿದ್ದಳು.

ಏಡಿಯನ್ನು ಹಿಂದಿನಿಂದ ಹಿಡಿದೆತ್ತಿ ನೋಡಿದಳು. ಹೊಟ್ಟೆಯಡಿಯಲ್ಲಿ ಕಪ್ಪಗಿನ ಮೊಟ್ಟೆಗಳ ದೊಡ್ಡ ಮುದ್ದೆ. ಗೋಣಿಗೆ ಇನ್ನಷ್ಟು ಉಪ್ಪುನೀರು ಚಿಮುಕಿಸಿ ಮಲಗಿದಳು. ನಿದ್ದೆ ಹತ್ತಲಿಲ್ಲ.

ಬೆಳಕು ಹರಿಯುತ್ತಲೇ ನಾದಿನಿಗೆ ಫೋನ್ ಮಾಡಿದಳು. ಬಂದರಿನ ಪಕ್ಕದ ಕಡಲಜೀವಿ ಕೇಂದ್ರದಲ್ಲಿ ಕೆಲಸ ಮಾಡುವ ನಾದಿನಿ, ಕೆಲಸಕ್ಕೆ ಹೋಗುವ ದಾರಿಯಲ್ಲೇ ಮನೆಗೆ ಬಂದಳು.

ಹೊಸಿಲಲ್ಲಿ ಕೂತು ಏಡಿ ಹಿಡಿಯುವ ಬುಟ್ಟಿ ರಿಪೇರಿ ಮಾಡುತ್ತಿದ್ದ ಅತ್ತೆ ಮಗಳನ್ನು ನೋಡಿ ನಕ್ಕರು. "ಏನೇ, ಏಡಿಗೆ ಬಾಣಂತನ ಮಾಡೋಕೆ ಬಂದ್ಯಾ?"

"ಇನ್ನೂ ಹೆರಿಗೇನೇ ಆಗಿಲ್ಲಮ್ಮ. ಮೊಟ್ಟೆ ಕಿತ್ತಳೆ ಬಣ್ಣ ಇದ್ರೆ ಎಳೇದು. ಹೀಗೆ ಕಪ್ಪಾಯ್ತು ಅಂದ್ರೆ ಒಳಗಿರೋ ಮರಿಗೆ ಕಣ್ಣು ಮೂಡಿದೆ ಅಂತ. ದಿನ ತುಂಬಿದೆ."

"ಇಂಥವನ್ನ ನಾನೆಷ್ಟು ಬೇಯಿಸಿಲ್ಲ. ಸಮುದ್ರ ಬತ್ತಿಹೋಯ್ತಾ?"

"ಸಮುದ್ರ ಬತ್ತಿಲ್ಲ. ಅಣ್ಣನ ಬುಟ್ಟಿ ಬತ್ತಿದೆ."

ಆಕಳಿಸುತ್ತ ಬಂದ ಅಣ್ಣ ಕೇಳಿದ, "ಮೊಟ್ಟೆ ಕೆರೆದು ತೆಗೆದು, ಏಡಿ ಮಾತ್ರ ಮಾರಿದ್ರೆ?"

"ಕೆರೆದ ಮೇಲೆ ಮರಿ ಎಲ್ಲಿ ಬದುಕುತ್ತೆ ಅಣ್ಣ?"

"ನಾನು ಬಿಟ್ರೆ ಪಕ್ಕದ ದೋಣಿಯವನು ಹಿಡೀತಾನೆ ಕಣೇ. ಬಿಟ್ಟವನು ಕೆಟ್ಟ ಅಷ್ಟೇ."

"ಹಿಡಿದ್ರೂ ಹಿಡೀಲಿ. ಅಷ್ಟರೊಳಗೆ ಮರಿ ನೀರು ಸೇರಿರಬಹುದು. ಒಂದು ತಾಯಿ ಲಕ್ಷಗಟ್ಟಲೆ ಮೊಟ್ಟೆ ಹೊರುತ್ತೆ. ಹೆಚ್ಚಿನವು ಮೀನಿನ ಬಾಯಿಗೆ ಹೋಗ್ತವೆ, ದೊಡ್ಡದಾಗೋದು ಬೆರಳೆಣಿಕೆ. ಆ ಬೆರಳೆಣಿಕೇನೇ ಮುಂದೆ ನಿನ್ನ ಬುಟ್ಟಿಗೆ ಬರೋದು. ಬಿತ್ತನೆ ಬೀಜಾನ ಹುರಿದು ತಿಂದ್ರೆ ಬೆಳೆ ಎಲ್ಲಿಂದ ಬರುತ್ತೆ ಹೇಳು." ಗಡಿಯಾರ ನೋಡಿ ಅವಳು ಚಪ್ಪಲಿ ಮೆಟ್ಟಿದಳು. "ತಡ ಮಾಡಬೇಡಿ ಅತ್ತಿಗೆ, ನಾನು ಬರ್ತೀನಿ."

ಅವಳು ಹೋದಮೇಲೂ ಗಂಡ ತಲೆ ಕೆರೆದುಕೊಳ್ಳುತ್ತ ನಿಂತಿದ್ದ.

"ದೋಣಿ ಮಾರೋ ಮಾತಾಡಿದ್ರಲ್ಲ ನಿನ್ನೆ," ಎಂದಳು ಹೆಂಡತಿ ಮೆಲ್ಲಗೆ. "ಅದಕ್ಕಿಂತ ಇದನ್ನ ಬಿಡೋದು ಸುಲಭ ಅಲ್ವಾ?"

ಅವನು ಅವಳ ಮುಖ ನೋಡಿದ. ಟಬ್ಬನ್ನೆತ್ತಿಕೊಂಡು, ಬೀದಿಯ ತುದಿಯಲ್ಲಿ ಸಮುದ್ರಕ್ಕಿಳಿಯುವ ಮೆಟ್ಟಿಲಿಗೆ ಹೋದ. ಸ್ವಲ್ಪ ಹೊತ್ತಿಗೆ ಖಾಲಿ ಟಬ್ಬಿನೊಂದಿಗೆ, ಎದೆ ಉಬ್ಬಿಸಿಕೊಂಡು ವಾಪಸ್ಸು ಬಂದ. ಸೀದಾ ಸ್ನಾನಕ್ಕೆ ಹೋದ.

ಅತ್ತೆ ಟಬ್ಬಿನೊಳಗೆ ಇಣುಕಿದರು. "ದಾರ ಎಲ್ಲೇ?"

ಸೊಸೆ ಗೋಣಿ ಕೊಡವಿ ನೋಡಿದಳು. ದಾರ ಇರಲಿಲ್ಲ. ಏಡಿ ಹಿಡಿದ ಕೂಡಲೇ ಕಟ್ಟುವುದು ಆ ಮನೆಯ ರೂಢಿ. ಅದನ್ನು ಬಿಚ್ಚುವುದೇನಿದ್ದರೂ ಕೊಂಡವರ ಕೆಲಸ. ಬಿಡುವ ಮೊದಲು ದಾರ ಬಿಚ್ಚಬೇಕೆಂಬುದೇ ಅವನಿಗೆ ಹೊಳೆದಿರಲಿಲ್ಲ.

"ಕೈ ಕಟ್ಟಿ ನೀರಿಗೆ ನೂಕಿ ಬಂದವ್ನೆ ಮಹಾರಾಯ. ಅದು ತಿನ್ನೋದು ಹೇಗೆ, ಬದುಕೋದು ಹೇಗೆ?" ಎನ್ನುತ್ತ ಅತ್ತೆ ಸಣ್ಣ ಚಾಕು ಹಿಡಿದು ಎದ್ದರು.

ಇಬ್ಬರೂ ಓಡಿದರು. ನೀರು ಇಳಿದಿತ್ತು. ಏಡಿ ಮೆಟ್ಟಿಲಿನ ಬುಡದ ಕಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ಅತ್ತೆ ಮೊಣಕಾಲುದ್ದ ನೀರಿಗಿಳಿದು, ಅದನ್ನು ಹಿಂದಿನಿಂದ ಹಿಡಿದು, ನೀರಿನಲ್ಲೇ ದಾರ ಕತ್ತರಿಸಿದರು. ಏಡಿ ಒಮ್ಮೆ ಅವರತ್ತಲೇ ಮುಂಗಾಲೆತ್ತಿ ಹೆದರಿಸಿ, ಅಡ್ಡಡ್ಡ ಜಾರಿ ಆಳಕ್ಕೆ ಹೋಯಿತು.

"ಮಾಡಿದ ಉಪಕಾರಕ್ಕೆ ಬೆಲೆ ನೋಡು," ಎಂದರು ಅತ್ತೆ. ಮುಖದಲ್ಲಿ ಮಾತ್ರ ನಗು ತುಂಬಿತ್ತು.

ಮನೆಗೆ ಬಂದಾಗ ಗಂಡ ಪಕ್ಕದ ಮನೆಯ ಬಲೆಗಾರನ ಮುಂದೆ ಹೇಳಿಕೊಳ್ಳುತ್ತಿದ್ದ. "ಬಿಟ್ಟೇಬಿಟ್ಟೆ ಕಣಯ್ಯ. ಇನ್ನು ಮೊಟ್ಟೆ ಇರೋದು ಸಿಕ್ಕಿದ್ರೆ ದೋಣಿಯಿಂದಲೇ ವಾಪಸ್ಸು. ಕಟ್ಟೋದೂ ಇಲ್ಲ, ಮನೆಗೆ ತರೋದೂ ಇಲ್ಲ."

"ನೀನೇ ಬಿಟ್ಟೆ ಅಂದ್ರೆ, ನಾನೂ ಬಿಟ್ಟು ನೋಡ್ತೀನಿ ಬಿಡು," ಎಂದ ಬಲೆಗಾರ.

ಅತ್ತೆ ಸೊಸೆಯ ಕಡೆ ನೋಡಿದರು. ಬಾಯಿ ತೆರೆದಿದ್ದ ಸೊಸೆ ಹಾಗೇ ಮುಚ್ಚಿಕೊಂಡಳು. ಈ ಉತ್ಸಾಹಕ್ಕೆ ತಣ್ಣೀರು ಎರಚುವುದು ಬೇಡ. ದಾರದ ಸಂಗತಿ ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ನಿರ್ಧರಿಸಿದಳು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಅವಳು ಹೇಳದಿದ್ದುದನ್ನು ನಾವು ನಿಮಗೆ ಹೇಳಿದ್ದೇವೆ. ನಿಮ್ಮ ಬುಟ್ಟಿಗೆ ಮೊಟ್ಟೆ ಹೊತ್ತ ಏಡಿ ಬಂದರೆ ಹಿಡಿದ ಜಾಗದಲ್ಲೇ, ಕೂಡಲೇ, ಮೆಲ್ಲಗೆ ನೀರಿಗಿಳಿಸಿ. ಮೊಟ್ಟೆ ಕೆರೆಯಬೇಡಿ. ಮಾರಲು ತಂದರೆ ಕೊಳ್ಳಬೇಡಿ. ಕಟ್ಟಿಬಿಟ್ಟಿದ್ದರೆ, ಮೊದಲು ದಾರ ಬಿಚ್ಚಿ.